ಒಳಗಿನ ಚಿಲಕ

ರಾತ್ರಿ ಹನ್ನೊಂದೂವರೆ. ಪಾಳುಬಾವಿ ದಾಟಿ ಮನೆಗೆ ನಡೆದು ಬರುತ್ತಿದ್ದವಳು ನನ್ನ ದೊಡ್ಡಮ್ಮನ ಮಗಳು. ನನಗೆ ಅಕ್ಕ. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ. ಬಾವಿಯೊಳಗೆ ಏನೋ ಬಿದ್ದ ಸದ್ದು... ಗುಳುಕ್. ಅಕ್ಕ ಹೆದರಲಿಲ್ಲ. ಆ ಬಾವಿಯಲ್ಲಿ ನೀರಿಲ್ಲ ಎಂದು ನೆನಪಾದದ್ದು ಮನೆಯ ಮೆಟ್ಟಿಲು ಹತ್ತುವಾಗ.

ಪರರ ಬರಹದಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಬಿಡದ ಅಕ್ಕ, ತಾನಿದ್ದ ಬಾಡಿಗೆ ಮನೆಗೆ ಒಂದು ಸಾಲಿನ ಕರಾರನ್ನೂ ಬರೆಸಿಕೊಂಡಿರಲಿಲ್ಲ. ಮಹಡಿಯಲ್ಲಿ ಎರಡು ಕೋಣೆ. ಒಂದು ಅವಳದು, ಇನ್ನೊಂದು, ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಅವಳ ಗೆಳತಿಯದು. "ನಮ್ಮ ಮಧ್ಯೆ ಕಾಗದ ಯಾಕೆ ಕಣೇ? ಮನೆ ಬಿಟ್ರೆ ಇಬ್ರೂ ಒಟ್ಟಿಗೇ ಬಿಡೋಣ" ಎಂದಿದ್ದಳು ಗೆಳತಿ. ಆ ಮಾತನ್ನು ಅವಳು ತನ್ನ ರೀತಿಯಲ್ಲಿ ಉಳಿಸಿಕೊಂಡಳು.

ಗೆಳತಿ ಬೇಗ ಮಲಗುವವಳು. ಅವಳ ನಿದ್ದೆ ಕೆಡಬಾರದೆಂದು ಅಕ್ಕ ತಡವಾಗಿ ಬಂದಾಗ ದೀಪ ಹಾಕುತ್ತಿರಲಿಲ್ಲ. ಉಂಗುರದಿಂದ ಬಾಗಿಲು ತಟ್ಟುವುದು... ಎರಡು, ತಡೆದು ಒಂದು. ಗೆಳತಿ ಎದ್ದು ಬಂದು ಚಿಲಕ ತೆಗೆದು, ಕತ್ತಲಲ್ಲೇ ವಾಪಸು ಹೋಗುವುದು. ಎರಡು ವರ್ಷದ ರೂಢಿ.

ಆ ರಾತ್ರಿ ಬಾಗಿಲಿಗೆ ಹೊರಗಿನಿಂದ ಬೀಗವಿರಲಿಲ್ಲ. ತಳ್ಳಿದಳು. ಒಳಗಿಂದ ಚಿಲಕ ಹಾಕಿತ್ತು. ಟಕ್ ಟಕ್... ಟಕ್. ಒಳಗೆ ಚಪ್ಪಲಿ ಎಳೆಯುವ ಸದ್ದು. ಚರ್... ಚರ್... ತುಕ್ಕು ಹಿಡಿದ ಚಿಲಕ ಸರಿಯಿತು. ಕಿರ್ರ್... ಟಕ್.

"ಎಚ್ಚರ ಇದ್ಯಾ?" ಪಿಸುಗುಟ್ಟಿದಳು ಅಕ್ಕ.

"ಹೂಂ. ಮಲ್ಕೋ ಹೋಗು."

ಮಲಗಿದಳು.

ಬೆಳಿಗ್ಗೆ ನೋಡಿದರೆ ಗೆಳತಿಯ ಕೋಣೆಯಲ್ಲಿ ಮಂಚವಿಲ್ಲ, ಪೆಟ್ಟಿಗೆಯಿಲ್ಲ, ಗೋಡೆಯ ಮೊಳೆಯೂ ಇಲ್ಲ. ಅಡುಗೆಮನೆಯಲ್ಲಿ ಅಕ್ಕನ ಒಂದು ಲೋಟ ಉಳಿದಿತ್ತು. ಅದಕ್ಕೆ ಬಿರುಕಿತ್ತು.

ಕೆಳಗೆ ಮನೆಯ ಮಾಲೀಕರು ಹಲ್ಲುಜ್ಜುತ್ತಿದ್ದರು. "ನಿನ್ನೆ ಮಧ್ಯಾಹ್ನವೇ ಖಾಲಿ ಮಾಡಿದ್ಳಲ್ಲಮ್ಮ! ಬೀಗ ತನ್ನದು ಅಂತ ಅದನ್ನೂ ತಗೊಂಡು ಹೋದ್ಳು. ನೀವಿಬ್ರೂ ಬಿಡ್ತಿದ್ದೀರಿ, ನೀವು ಶನಿವಾರ ಹೋಗ್ತೀರಿ ಅಂದ್ಳು. ಭಾನುವಾರ ಬೇರೆಯವರು ಬರ್ತಾರೆ."

"ನನ್ನನ್ನೊಂದು ಮಾತು ಕೇಳಬಾರದಿತ್ತಾ ಸಾರ್? ನಾನೆಲ್ಲಿಗೆ ಹೋಗ್ಲಿ?"

"ಕರಾರು ಇದ್ದಿದ್ರೆ ಹೆಸರು ನೋಡಿ ಕೇಳ್ತಿದ್ದೆ."

ಅಕ್ಕ ಫೋನ್ ಮಾಡಿದಳು.

"ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಕಣೇ" ಎಂದಳು ಗೆಳತಿ. ಅಷ್ಟು ಮೃದು ಮನಸ್ಸು.

"ರಾತ್ರಿ ಬಾಗಿಲು ತೆಗ್ದೋಳು ಯಾರು?"

"ನಾನು ನಮ್ಮತ್ತಿಗೆ ಮನೇಲಿದ್ದೆ. ನಿಂಗೇನಾಗಿದೆ?"

ಫೋನ್ ಕಟ್ಟಾಯಿತು.

ಶನಿವಾರಕ್ಕೆ ಮೂರು ದಿನ. ಬೇರೆ ಸೂರಿಲ್ಲದ ಅಕ್ಕ ಮೂರು ರಾತ್ರಿಯೂ ಅಲ್ಲಿಗೇ ಬಂದಳು. ಮೂರು ರಾತ್ರಿಯೂ ತಟ್ಟಿದಳು. ಮೂರು ರಾತ್ರಿಯೂ... ಕಿರ್ರ್, ಟಕ್. "ಭಯ ಆಗ್ಲಿಲ್ವೇನೇ?" ಎಂದು ಆಮೇಲೆ ಕೇಳಿದೆ. "ಆ ಮನೇಲಿ ನನಗೋಸ್ಕರ ಎದ್ದು ಬರ್ತಿದ್ದದ್ದು ಅದೊಂದೇ ಕಣೋ" ಎಂದಳು. ನಗಲಿಲ್ಲ.

ಶನಿವಾರ ಬಾಗಿಲು ಎಳೆದುಕೊಂಡು ನಮ್ಮ ಮನೆಗೆ ಬಂದಳು. ಭಾನುವಾರ ಸಂಜೆ ಮಾಲೀಕರ ಫೋನು. "ಬಾಗಿಲು ತೆಗೀತಾ ಇಲ್ಲಮ್ಮ. ಒಳಗಿಂದ ಚಿಲಕ ಹಾಕಿದೆ. ಯಾರನ್ನ ಬಿಟ್ಟು ಹೋಗಿದ್ದೀರಿ?"

ಜೊತೆಗೆ ನಾನೂ ಹೋದೆ. ಮೆಟ್ಟಿಲ ಮೇಲೆ ಹೊಸ ಬಾಡಿಗೆಯವರು ಹಾಸಿಗೆ ಹೊತ್ತು ನಿಂತಿದ್ದರು. ಬಡಗಿ ಉಳಿ ಹಿಡಿದು ಕೂತಿದ್ದ. ಅಕ್ಕ ಅವನನ್ನು ಸರಿಸಿ, ಉಂಗುರದಿಂದ ತಟ್ಟಿದಳು. ಎರಡು... ತಡೆದು ಒಂದು.

ಚರ್... ಚರ್... ಕಿರ್ರ್... ಟಕ್.

ಎರಡೂ ಕೋಣೆ ಹುಡುಕಿದೆವು. ಯಾರೂ ಇರಲಿಲ್ಲ. ಕಿಟಕಿಗಳಿಗೆಲ್ಲ ಸರಳು.

ಇದು ನಡೆದದ್ದು. ನಂಬದವರಿಗೆ ಸಹಿ ಹಾಕಿ ಬರೆದುಕೊಡುತ್ತೇನೆ. ಚಿಲಕವನ್ನು ನಾನೇ ಮುಟ್ಟಿ ನೋಡಿದೆ. ಬೆಚ್ಚಗಿತ್ತು.