ಹತ್ತದ ಮರದಿಂದ ಬಿದ್ದದ್ದು

ತಿಪಟೂರಿನ ವಕೀಲರೊಬ್ಬರ ಕಚೇರಿಯ ಜಗಲಿಯಲ್ಲಿ ಅಫಿಡವಿಟ್ಟಿಗೆಂದು ಕಾದಿದ್ದ ಧನ್ಯಶ್ರೀಗೆ, ಕೇಳಬಾರದು ಅಂದುಕೊಂಡರೂ ಪಕ್ಕದ ಬೆಂಚಿನ ಮಾತು ಕೇಳಿಸಿತು. ಹೊನ್ನವಳ್ಳಿ ಕಡೆಯ ಗಂಡ ಹೆಂಡತಿ. ಗಂಡನ ಕಾಲಿಗೆ ಪಟ್ಟಿ, ಕೈಯಲ್ಲಿ ಊರುಗೋಲು.

“ಗಾಡಿ ಗುದ್ದಿ ಕಾಲು ಮುರೀತು. ಆಸ್ಪತ್ರೆ ಚೀಟೀಲಿ ಮರದಿಂದ ಬಿದ್ದೆ ಅಂತ ಯಾಕ್ರೀ ಬರೆಸಿದ್ರಿ?”

“ಡಾಕ್ಟ್ರೇ ಕೇಳಿದ್ರು ಕಣೇ, ತೆಂಗಿನ ಮರವಾ ಅಂತ. ಹ್ಞೂ ಅಂದೆ.”

“ಅಟ್ಟ ಹತ್ತಿದ್ರೆ ತಲೆ ತಿರುಗೋ ನೀವು ತೆಂಗಿನ ಮರ ಹತ್ತಿದ್ರಾ? ಊರೇ ನಗುತ್ತೆ.”

“ಮೆತ್ತಗೆ ಮಾತಾಡೇ.”

“ಚೀಟೀಲಿ ಮರ ಅಂತಿದ್ರೆ ಪರಿಹಾರ ಸಿಗೋದು ಕಷ್ಟ, ನನ್ನತ್ರನಾದ್ರೂ ನಿಜ ಹೇಳಿ ಅಂದ್ರು ಲಾಯರ್ರು ಮೊನ್ನೆ. ಗಾಡಿ ನಂಬರ್ ಕೇಳಿದ್ರೆ ನೀವು ಸೂರು ನೋಡ್ತಾ ಕೂತ್ರಿ.”

“ಬುಡು, ಕೇಸೇ ಬ್ಯಾಡ.”

“ಇನ್ನೊಂದು ಆಪರೇಷನ್ ಐತೆ. ಯಾರನ್ನ ಕಾಪಾಡ್ತಿದೀರಿ?”

ಆತ ಊರುಗೋಲನ್ನು ಗೋಡೆಗೆ ಒರಗಿಸಿ ದನಿ ತಗ್ಗಿಸಿದ.

“ಗಾಡಿ ನಿನ್ ತಮ್ಮಂದು ಕಣೇ. ಪೊಲೀಸ್ ಕೇಸಾದ್ರೆ ಅವನ ಗತಿ ಏನು ಅಂತ...”

ಧನ್ಯಶ್ರೀ ಕೈಲಿದ್ದ ಕಾಗದ ಓದುವವಳಂತೆ ತಲೆ ತಗ್ಗಿಸಿದಳು.

“ಅದಕ್ಕಾ ಅವನು ದಿನಾ ಎಳನೀರು ಹೊತ್ಕೊಂಡು ಬತ್ತಿದ್ದುದು! ನಮ್ ತೋಟದಲ್ಲಿ ಇಲ್ದಿದ್ದಂಗೆ!”

ಗುಮಾಸ್ತ ಬಾಗಿಲಿಗೆ ಬಂದು ಅವರನ್ನು ಕರೆದ. ಗಂಡ ಅಲುಗಾಡಲಿಲ್ಲ.

“ಏಳ್ರೀ. ಒಳಗೆ ಇದನ್ನೇ ಹೇಳಿ. ನನ್ ತಮ್ಮನಿಗೆ ನಾನೇ ಹೇಳ್ಕೋತೀನಿ.”

ಆಕೆ ಊರುಗೋಲನ್ನು ಅವನ ಕಂಕುಳಿಗೆ ಕೊಟ್ಟು, ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು.