ಹಳಿಗೆ ಮೊದಲು ಗುಂಡುಸೂಜಿ

ಆಡಿದ ಮಾತು ಗಟ್ಟಿಯಾಗಿರಬೇಕು ಎನ್ನುತ್ತೇವೆ. ಸರಿ. ಆದರೆ ಯಾವಾಗ ಗಟ್ಟಿಯಾಗಬೇಕು? ಅದಕ್ಕೊಂದು ಕಥೆ ಕೇಳಿ.

ಪೇಟೆ ಬೀದಿಯಲ್ಲಿ ಒಬ್ಬ ಶ್ರೀಮಂತನಿದ್ದ. ಒಳ್ಳೆಯವನೇ, ಆದರೆ ಒಮ್ಮೆ ಹೇಳಿದ್ದನ್ನು ಬದಲಿಸಿ ಗೊತ್ತಿಲ್ಲದವನು. ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ಬಾಲ್ಯದ ಆಸೆಯೊಂದನ್ನು ತೀರಿಸಿಕೊಳ್ಳಲು ಹೊರಟ. ಏನದು? ಆಟದ ರೈಲು. ನಗಬೇಡಿ. ಮಹಡಿಯ ಕೋಣೆಯಲ್ಲಿ ಅಗಲವಾದ ಹಲಗೆ ಹಾಕಿಸಿದ. ಹಲಗೆಯ ಮೇಲೆ ಬೆಂಡಿನ ಪಟ್ಟಿ, ಪಟ್ಟಿಯ ಮೇಲೆ ಪುಟ್ಟ ಹಳಿ. ಹಾಸಿದ ಗಳಿಗೆಯಲ್ಲೇ ಗೋಂದು ಸುರಿದು ಭದ್ರ ಮಾಡಿಬಿಟ್ಟ.

ಮರುದಿನ ಎಂಜಿನ್ ಬಿಟ್ಟರೆ, ಕಿಟಕಿ ಪಕ್ಕದ ತಿರುವಿನಲ್ಲಿ ಮಗುಚಿತು. ಎತ್ತಿಟ್ಟ, ಮತ್ತೆ ಮಗುಚಿತು. ಹಳಿ ಸರಿಸೋಣವೆಂದರೆ ಗೋಂದು ಬಿಡುತ್ತದೆಯೇ? ಎಳೆದ ರಭಸಕ್ಕೆ ಹಳಿಯೇ ಮುರಿಯಿತು. ಪಾಪ, ಮುರಿದ ತುಂಡುಗಳನ್ನು ಒಂದಕ್ಕೊಂದು ಹೊಂದಿಸಿ ನೋಡುತ್ತ ಕುಳಿತ.

ಕಾಫಿ ತಂದ ಸೊಸೆ ವಾರಿಜಾ ನೋಡಿದಳು. ಆ ಮನೆಗೆ ಬಂದು ಇನ್ನೂ ಕೆಲವೇ ತಿಂಗಳಾಗಿತ್ತು.

"ಹೊಸ ಹಳಿ ತರಿಸಿ ಮಾವ. ಈ ಸಲ ಅಂಟಿಸೋದು ಬೇಡ. ರವಿಕೆ ಹೊಲಿಯೋ ಮುಂಚೆ ಗುಂಡುಸೂಜಿ ಚುಚ್ಚಿ ಮೈಗೆ ಹಿಡಿದು ನೋಡ್ತೀವಲ್ಲ, ಹಾಗೆ ಮಾಡೋಣ."

"ಸೂಜಿ ನಿಲ್ಲುತ್ತಾ?"

"ಗೊತ್ತಿಲ್ಲ. ನಿಲ್ಲದಿದ್ರೆ ಕಿತ್ತರಾಯ್ತು."

ಕಿತ್ತರಾಯ್ತು! ಆ ಮನೆಯಲ್ಲಿ ಅಂಥ ಮಾತನ್ನು ಅವನು ಕೇಳಿಯೇ ಇರಲಿಲ್ಲ.

ಹೊಸ ಹಳಿ ಬಂತು. ಇಬ್ಬರೂ ಸೇರಿ ಹಳಿಯ ಅಂಚಿಗೆ ಒತ್ತಿ, ಬೆಂಡಿನೊಳಕ್ಕೆ ಓರೆಯಾಗಿ ಸೂಜಿ ಚುಚ್ಚಿದರು. ಬರೀ ಎಂಜಿನ್ ಬಿಟ್ಟರು, ನಿಧಾನವಾಗಿ. ತಿರುವಿನಲ್ಲಿ ಅಲುಗಾಡಿತು. ಅಲ್ಲಿನ ಸೂಜಿ ಕಿತ್ತು, ಬೆರಳಿನಿಂದ ಹಳಿಯನ್ನು ತುಸು ಸರಿಸಿ, ಮತ್ತೆ ಚುಚ್ಚಿದರು. ಈಗ ಓಡಿತು. ಡಬ್ಬಿ ಜೋಡಿಸಿದರು; ಆಗಲೂ ಓಡಿತು. ಅಂದು ತಂದಿಟ್ಟ ಕಾಫಿ ಆರಿದ್ದು ಯಜಮಾನನಿಗೆ ಗೊತ್ತೇ ಆಗಲಿಲ್ಲ.

"ಇನ್ನು ಗೋಂದು ಹಾಕೋಣವೇನಮ್ಮ?"

"ಈ ವಾರ ಹೀಗೇ ಓಡ್ಲಿ ಮಾವ."

ರೈಲು ಸುತ್ತುತ್ತಲೇ ಇತ್ತು. ಅವನಿಗೆ ಏನೋ ನೆನಪಾಯಿತು. ಈ ಹುಡುಗಿ ತವರಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಬಂದ ವಾರವೇ ಅವನು, "ಅದೆಲ್ಲ ಇಲ್ಲಿ ಬೇಡ" ಎಂದಿದ್ದ. ಅವಳನ್ನು ಕೇಳಿದ್ದನೇ? ಇಲ್ಲ. ನಡೆಯುತ್ತದೋ ಇಲ್ಲವೋ ನೋಡಿದ್ದನೇ? ಅದೂ ಇಲ್ಲ.

"ವಾರಿಜಾ, ನಾಳೆಯಿಂದ ಪಾಠ ಶುರುಮಾಡು. ಒಂದು ತಿಂಗಳು ನೋಡೋಣ."

ಅವಳು ನಕ್ಕಳು. "ನನಗೂ ಗುಂಡುಸೂಜಿನಾ ಮಾವ?"

"ನಿನಗಲ್ಲಮ್ಮ. ನನ್ನ ಮಾತಿಗೆ."

ನೋಡಿ, ಗೋಂದು ಸುರಿಯದವರು ನಮ್ಮಲ್ಲಿ ಯಾರಿದ್ದಾರೆ? ಮಗ ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ "ಇವನ ಕೈಲಾಗದು" ಎನ್ನುತ್ತೇವೆ, ಅಂಟಿಸಿಬಿಟ್ಟೆವು. ಪಕ್ಕದ ಮನೆಯವರು ಒಂದು ದಿನ ಮಾತಾಡದಿದ್ದರೆ "ಅವರಿಗೆ ಜಂಭ" ಎನ್ನುತ್ತೇವೆ, ಅದೂ ಅಂಟಿತು. ಆಮೇಲೆ ಕಿತ್ತರೆ ಮುರಿಯುವುದು ಯಾವುದು ಹೇಳಿ? ಸಂಬಂಧ.

ಹಾಗಾದರೆ ಗೋಂದೇ ಬೇಡವೇ? ಬೇಕು. ರೈಲು ಓಡಿದ ಮೇಲೆ ಬೇಕು. ಇಂದು ಮನೆಗೆ ಹೋದವರೇ, ನೀವು ಹಾಕಿದ ಒಂದು ಕಟ್ಟಳೆಯನ್ನು ನೆನೆಸಿಕೊಳ್ಳಿ. ಅದರ ಭಾರ ಹೊತ್ತವರನ್ನು ಹತ್ತಿರ ಕೂರಿಸಿಕೊಂಡು, "ಇದು ನಿನಗೆ ಸರಿಹೋಗ್ತಿದೆಯಾ?" ಎಂದು ಕೇಳಿ. ಕೇಳಿದ ಮೇಲೆ ಉತ್ತರ ಬರುವ ತನಕ ಸುಮ್ಮನಿರಿ.