ಎಡಗೈ ತಿರುಚಿದ ತಂತಿ

ದೀಪ ಸಣ್ಣ ಮಾಡಿ, ಆರಿಸಬೇಡಿ. ಇದು ಗಾವಡಗೆರೆಯಲ್ಲಿ ನಮ್ಮ ಪಕ್ಕದ ಮನೆಯವರಿಗೇ ಆದದ್ದು. ಅವರಿಂದ ಕೇಳಿದ್ದನ್ನು ಕೇಳಿದ್ದು ಅಂತಲೇ ಹೇಳುತ್ತೇನೆ, ನಾನು ನೋಡಿದ್ದನ್ನು ನೋಡಿದ್ದು ಅಂತ.

ಸಾವಿರದ ಒಂಬೈನೂರ ಅರವತ್ತೆಂಟು, ಕಾರ್ತಿಕ ಮಾಸ. ಮಂಚಯ್ಯ ಮೋಟಾರು ರಿಪೇರಿ ಶೆಡ್ಡಿಗೆ ಬೀಗ ಹಾಕಿ ಮನೆಗೆ ಹೊರಟಿದ್ದ. ಊಟ ತಂದಿದ್ದ ಹೆಂಡತಿ ಸಿದ್ದಲಿಂಗಮ್ಮ ಲಾಟೀನು ಹಿಡಿದು ಜೊತೆಗಿದ್ದಳು. ಆಲದ ಮರದ ಕೆಳಗಿನ, ಪಾಚಿ ಕಟ್ಟಿದ ಹಾಳು ಬಾವಿ ಬಂತು. ಮಂಚಯ್ಯ ನಿಂತ. ಜೇಬಿನಿಂದ ಒಂದು ತುಂಡು ತಂತಿ ತೆಗೆದು ಒಳಕ್ಕೆ ಎಸೆದ.

ಬುಳುಕ್...

"ಏನ್ರೀ ಅದು?"

"ಚಾಮಣ್ಣನ್ ತಂತಿ ಕಣೆ."

"ಸತ್ತೋರ ಕೈಗೆಲ್ಸ... ಬಾವಿಗ್ಯಾಕೆ ಆಕುದ್ರಿ?"

"ಸತ್ ಮ್ಯಾಲೂ ಅವನ್ ಎಸ್ರೇ ಏಳ್ಬೇಕಾ ಎಲ್ಲಾರೂ?"

ಚಾಮಣ್ಣ ಅಂದರೆ ಚಾಮಯ್ಯ, ಮಂಚಯ್ಯನ ದೊಡ್ಡಪ್ಪನ ಮಗ. ಇಬ್ಬರದೂ ಒಂದೇ ಶೆಡ್ಡು, ಒಂದೇ ಕೆಲಸ. ಆದರೆ ಬಂದವರೆಲ್ಲ ಮಂಚಯ್ಯನ ಮುಖ ನೋಡಿಯೂ, "ಚಾಮಯ್ಯ ಇಲ್ವಾ?" ಅನ್ನುತ್ತಿದ್ದರು. ಮಳೆಗಾಲದಲ್ಲಿ ಚಾಮಯ್ಯ ತೀರಿಕೊಂಡ. ಆಮೇಲೂ ಜನ ಬಂದು, "ಚಾಮಯ್ಯ ಇದ್ದಿದ್ರೆ..." ಅಂದರು.

ಹಾಗೆ ಅನ್ನುವವರಲ್ಲಿ ಮೊದಲಿಗರು ರಾವಂದೂರಿನ ಸೋಮಯ್ಯನವರು. ಅವರದು ಯುದ್ಧಕಾಲದ ಬೈಕು. ಎರಡನೇ ಗೇರಿಗೆ ಹಾಕಿದರೆ ತಾನೇ ಜಾರಿ ನ್ಯೂಟ್ರಲಿಗೆ ಬೀಳುತ್ತಿತ್ತು. ಪೆಡಲಿನಿಂದ ಗೇರ್ ಬಾಕ್ಸಿಗೆ ಹೋಗುವ ಕಂಬಿಯ ಕೀಲು ಸವೆದಿತ್ತು. ಚಾಮಯ್ಯ ಹಿಂದೆ ಅದನ್ನು ಉಕ್ಕಿನ ತಂತಿಯಿಂದ ಬಿಗಿದಿದ್ದ; ಈಗ ಅದೂ ಸಡಿಲಾಗಿ ಬೈಕು ಮತ್ತೆ ಶೆಡ್ಡಿಗೆ ಬಂದಿತ್ತು. ಚಾಮಯ್ಯ ಎಡಚ. ನಮ್ಮ ನಿಮ್ಮ ಕೈಯಲ್ಲಿ ತಂತಿ ಪ್ರದಕ್ಷಿಣೆ ತಿರುಗಿದರೆ ಅವನ ಕೈಯಲ್ಲಿ ಅಪ್ರದಕ್ಷಿಣೆ. ಆ ತಂತಿಯನ್ನೇ ಮಂಚಯ್ಯ ಅವತ್ತು ಕತ್ತರಿಸಿ ತೆಗೆದು, ಕೀಲಿಗೆ ಹೊಸ ಪಿನ್ನು ಹಾಕಿ, ಕಳಚದಂತೆ ಅದರ ಕಾಲು ಮಡಚಿ ಬಂದಿದ್ದ. ಬೆಳಿಗ್ಗೆ ಸೋಮಯ್ಯನವರ ಬಾಯಲ್ಲಿ ಒಮ್ಮೆ 'ಮಂಚಯ್ಯನ ಕೈ' ಅಂತ ಬಂದರೆ ಸಾಕು, ಶೆಡ್ಡಿನ ಬೋರ್ಡಿಗೆ ತನ್ನ ಹೆಸರು ಬರೆಸುವುದೆಂದು ನಿಶ್ಚಯಿಸಿದ್ದ.

ಬಾವಿಯಿಂದ ಹತ್ತು ಮಾರು ನಡೆದಿರಬೇಕು.

ಖಟ್... ಟಕ್.

ಒಂದನೇ ಗೇರು. ಎರಡನೇ ಗೇರು. ಹಿಂದಿನಿಂದ, ಶೆಡ್ಡಿನ ಕಡೆಯಿಂದ.

"ನಡೀರಿ... ತಿರುಗ್ ನೋಡ್ಬ್ಯಾಡಿ," ಅಂದಳು ಸಿದ್ದಲಿಂಗಮ್ಮ ಪಿಸುದನಿಯಲ್ಲಿ.

"ನನ್ ಕೆಲ್ಸ ಮುಟ್ತಾವ್ನೆ ಕಣೆ ಅವ್ನು!"

ಇನ್ನೊಬ್ಬನಾಗಿದ್ದರೆ ಮನೆಗೆ ಓಡುತ್ತಿದ್ದ. ಮಂಚಯ್ಯ ಶೆಡ್ಡಿಗೆ ಓಡಿದ. ಬೀಗ ಹಾಕಿದಂತೆಯೇ ಇತ್ತು. ಒಳಗೆ ಇಕ್ಕುಳದಲ್ಲಿ ತಂತಿ ತಿರುಚುವ ಸದ್ದು. ಕಿರ್ರ್... ಕಿರ್ರ್... ಬೀಗ ತೆಗೆದ. ಸದ್ದು ನಿಂತಿತು. ಯಾರೂ ಇಲ್ಲ. ಅಷ್ಟರಲ್ಲಿ ಲಾಟೀನೂ ಆರಿತು. ಮತ್ತೆ ಬೀಗ ಜಡಿದು, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆಳಗಿನವರೆಗೂ ಬಾಗಿಲಿಗೆ ಅಡ್ಡಲಾಗಿ ಕೂತ. ಸಿದ್ದಲಿಂಗಮ್ಮ ಅವನ ತೋಳು ಬಿಡಲಿಲ್ಲ.

ಇಲ್ಲಿಂದ ಮುಂದೆ ನಾನು ನೋಡಿದ್ದು. ಬೆಳಗಾಗುವಾಗಲೇ ಸೋಮಯ್ಯನವರು ಬಂದರು. ಬೀಗ ತೆಗೆಸಿ, ಬೈಕು ಹತ್ತಿ, ಕೆರೆಯವರೆಗೆ ಹೋಗಿ ಬಂದರು.

"ಬೆಣ್ಣೆ ಇದ್ದಂಗೈತೆ ಕಣಯ್ಯ ಗೇರು!"

"ನಾನೇ ಕಣ್ರೀ, ನನ್ ಕೈಯ್ಯಾರ ಮಾಡಿದ್ದು." ಮಂಚಯ್ಯ ಅಷ್ಟು ಅಗಲ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಸೋಮಯ್ಯನವರು ಬಗ್ಗಿ ನೋಡಿದರು. "ಸುಳ್ಯಾಕಯ್ಯ ಏಳ್ತೀಯ? ಚಾಮಯ್ಯ ಕಟ್ಟಿದ್ ತಂತಿ ಅಂಗೇ ಐತಲ್ಲ."

ಮಂಚಯ್ಯ ಶೆಡ್ಡಿನೊಳಕ್ಕೆ ತಿರುಗಿ ನೋಡಿದ. ಅವನು ಹಾಕಿದ್ದ ಪಿನ್ನು ಶೆಡ್ಡಿನ ಕಲ್ಲಿನ ಮೇಲಿತ್ತು, ಮಡಚಿದ ಕಾಲು ನೆಟ್ಟಗಾಗಿತ್ತು.

ಬೋರ್ಡಿನಲ್ಲಿ ಇವತ್ತಿಗೂ ಚಾಮಯ್ಯನ ಹೆಸರೇ ಇದೆ, ಹೋಗಿ ನೋಡಿ. ತಂತಿಯನ್ನು ನಾನು ಈ ಬೆರಳಿನಿಂದ ಮುಟ್ಟಿ ನೋಡಿದ್ದೇನೆ. ತಿರುಚು ಅಪ್ರದಕ್ಷಿಣೆಯೇ. ಯಾರು ನಂಬಲಿ, ಬಿಡಲಿ... ಅದರ ಸಂದಿನಲ್ಲಿ ಹಸಿರು ಪಾಚಿ ಸಿಕ್ಕಿಕೊಂಡಿತ್ತು.